ತಲೆ ಮೇಲಿನ ಹುಲ್ಲು

‘ಗ್ರಾಸ್ ಬಿಲಾಂಗ್ ಹೆಡ್.’ ತಲೆಯ ಹುಲ್ಲು. ಅಂದ್ರೆ ಕೂದಲು! ಇದನ್ನ ಮೊದಲ ಸಲ ಓದಿದಾಗ ನಾನೂ ಜೋರಾಗಿ ನಕ್ಕಿದ್ದೆ. ಹರಕು ಇಂಗ್ಲಿಷ್ ಅಂದುಕೊಂಡಿದ್ದೆ.

ಇದು ಪಪುವಾ ನ್ಯೂಗಿನಿಯ ಟೋಕ್ ಪಿಸಿನ್ ಭಾಷೆ. ಆ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ. 19ನೇ ಶತಮಾನದಲ್ಲಿ ಪೆಸಿಫಿಕ್ ದ್ವೀಪಗಳ ಜನರನ್ನು ಸಮೋವಾ, ಕ್ವೀನ್ಸ್‌ಲ್ಯಾಂಡ್‌ಗಳ ತೋಟಗಳಿಗೆ ಕೂಲಿಗೆ ಒಯ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲ. ಕಿವಿಗೆ ಬಿದ್ದ ಇಂಗ್ಲಿಷ್ ಪದಗಳಿಂದಲೇ ಒಂದು ಮಾತು ಕಟ್ಟಿಕೊಂಡರು. ಇಂಥ ಭಾಷೆಗೆ ಪಿಜಿನ್ ಅಂತಾರೆ.

ಪದಗಳು ಕಡಿಮೆ, ಹೇಳಬೇಕಾದ್ದು ಜಾಸ್ತಿ. ಹಾಗಾಗಿ ಇದ್ದ ಪದಗಳನ್ನೇ ಜೋಡಿಸಬೇಕು. ‘ಬಿಲಾಂಗ್’ ಅನ್ನೋದು ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತೆ. ‘ಪಿಸಿನ್’ ಅಂದ್ರೆ ಹಕ್ಕಿ ಅಂತಲೂ ಅರ್ಥ ಇದೆ, ಹಾಗಾಗಿ ‘ಗ್ರಾಸ್ ಬಿಲಾಂಗ್ ಪಿಸಿನ್’ ಅಂದ್ರೆ ಗರಿ. ‘ಹೌಸ್ ಸಿಕ್’ ಆಸ್ಪತ್ರೆ, ‘ಹೌಸ್ ಕುಕ್’ ಅಡುಗೆಮನೆ. ‘ಐವಾರ’, ಅಂದ್ರೆ ಕಣ್ಣಿನ ನೀರು. (ನಾವೂ ಕಣ್ಣೀರು ಅಂತಲೇ ಅಲ್ವಾ ಅನ್ನೋದು!) ‘ಬೆಲ್’ ಅಂದ್ರೆ ಹೊಟ್ಟೆ, ‘ಬೆಲ್‌ಹಾಟ್’ ಅಂದ್ರೆ ಸಿಟ್ಟು. ನಮಗೆ ಹೊಟ್ಟೆ ಉರಿಯೋದು ಅಸೂಯೆಗೆ, ಅವರಿಗೆ ಕೋಪಕ್ಕೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ದಾರಿ ಪದವನ್ನ ಎರಡು ಸಲ ಹೇಳೋದು. ಇಂಗ್ಲಿಷಿನ ಶಿಪ್, ಶೀಪ್ ಎರಡೂ ಅವರ ಉಚ್ಚಾರಣೆಯಲ್ಲಿ ‘ಸಿಪ್’ ಆಗಿಬಿಡುತ್ತವೆ. ಹಡಗು ‘ಸಿಪ್’ ಆಗೇ ಉಳಿಯಿತು, ಕುರಿ ‘ಸಿಪ್‌ಸಿಪ್’ ಆಯಿತು.

ನನ್ನ ನಗು ನಿಂತಿದ್ದು ಮಾತ್ರ ‘ಇಮ್’ ಪ್ರತ್ಯಯ ನೋಡಿದ ಮೇಲೆ. ಇಂಗ್ಲಿಷಿನ ‘ಹಿಮ್’ನಿಂದ ಬಂದಿದ್ದು. ನೀರು ತಾನೇ ಕುದಿದ್ರೆ ‘ಬಾಯಿಲ್’, ನಾವು ಕುದಿಸಿದ್ರೆ ‘ಬಾಯಿಲಿಮ್’. ಇಂಗ್ಲಿಷಲ್ಲಿ ಎರಡಕ್ಕೂ ‘ಬಾಯ್ಲ್’ ಒಂದೇ. ಕನ್ನಡದಲ್ಲಿ ಕುದಿ, ಕುದಿಸು ಬೇರೆ ಬೇರೆ. ಹರಕು ಅಂತ ನಾನು ನಕ್ಕ ಭಾಷೆ ಇಂಗ್ಲಿಷ್ ಮಾಡದ ಭೇದವನ್ನ ನಮ್ಮ ಥರಾನೇ ಮಾಡ್ತಿದೆ! ‘ಬಗರಪ್’ ಅಂದ್ರೆ ಕೆಟ್ಟುಹೋಗು, ‘ಬಗರಪಿಮ್’ ಅಂದ್ರೆ ಕೆಡಿಸು. ಇಂಗ್ಲಿಷಲ್ಲಿ ಇದರ ಮೂಲ ಒಂದು ಬೈಗುಳ, ಅಲ್ಲಿ ಯಾರ ಮುಂದೆ ಬೇಕಾದ್ರೂ ಹೇಳಬಹುದಾದ ಮಾತು.

ಹೆಲಿಕಾಪ್ಟರಿಗೆ ಅಲ್ಲಿಯವರು ‘ಏಸುವಿನ ಮಿಕ್ಸರ್’ ಅಂತಾರೆ ಅನ್ನೋ ಜೋಕ್ ನೀವೂ ಕೇಳಿರಬಹುದು. ಅದು ಹೊರಗಿನವರ ತಮಾಷೆ. ಅವರು ಅನ್ನೋದು ‘ಹೆಲಿಕಾಪ್ಟ’. ನನ್ನ ಕನ್ನಡ ಕೇಳಿ ನಗುವ ನೆಂಟರು ನನಗೂ ಇದ್ದಾರೆ, ಅದಕ್ಕೇ ಈ ಜೋಕ್ ಈಗ ಸ್ವಲ್ಪ ಚುಚ್ಚುತ್ತೆ.

ಇವತ್ತು ಅಲ್ಲಿನ ಎಷ್ಟೋ ಮಕ್ಕಳಿಗೆ ಟೋಕ್ ಪಿಸಿನ್ನೇ ತಾಯ್ನುಡಿ. ಹಾಗಾಗಿ ಈಗ ಅದನ್ನ ಕ್ರಿಯೋಲ್ ಅಂತಲೂ ಕರೀತಾರೆ. ವೇಗವಾಗಿ ಮಾತಾಡುವ ಹುಡುಗರ ಬಾಯಲ್ಲಿ ‘ಬಿಲಾಂಗ್’ ಸವೆದು ಬರೀ ‘ಬ್ಲೋ’ ಆಗಿದೆ.