ಕೊರವ ಮೀನೂ ಹುಸಿಗಪ್ಪೆಯ ಗಾಳವೂ

ನಮ್ಮ ಕೆರೆಕುಂಟೆಗಳ ಮೀನುಗಳಲ್ಲಿ ಕೊರವ ಮೀನು ರುಚಿಗೂ ಬೆಲೆಗೂ ಹೆಸರಾದುದು. ಕೆಲವು ಸೀಮೆಗಳಲ್ಲಿ ಇದನ್ನು ಕುಚ್ಚುಮೀನೆಂದೂ ಮರಲ್ ಎಂದೂ ಕರೆಯುವರು. ಇದರ ತಲೆಯು ಹಾವಿನ ತಲೆಯನ್ನು ಹೋಲುವುದು. ಹೊರಗಿನ ಗಾಳಿಯನ್ನೂ ನೇರವಾಗಿ ಉಸಿರಾಡುವುದರಿಂದ ಇದು ಆಗಾಗ್ಗೆ ನೀರಿನ ಮೇಲಕ್ಕೆ ಬಂದು ಮುಳುಗುವುದು. ಸಣ್ಣ ಮೀನು, ಹುಳು, ಕಪ್ಪೆ ಇವೇ ಇದರ ಆಹಾರ.

ಕಾಲ: ಚೈತ್ರ ವೈಶಾಖಗಳಲ್ಲಿ ಕೆರೆಯ ನೀರು ಇಳಿದಾಗ ಈ ಮೀನು ಅಂಚಿನ ಜೊಂಡು, ತಾವರೆ ಎಲೆಗಳ ನೆರಳನ್ನು ಸೇರುವುದು. ಗಾಳ ಹಾಕಲು ಬೆಳಗಿನ ಮತ್ತು ಸಂಜೆಯ ತಂಪು ಹೊತ್ತು ಉತ್ತಮ.

ಉಪಕರಣ: ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ವಾಡಿಕೆಯು ಅನೇಕ ಕಡೆಗಳಲ್ಲಿ ಉಂಟು. ಇದು ಯೋಗ್ಯವಲ್ಲ. ಕಪ್ಪೆಯು ಗದ್ದೆಯ ಕೀಟಗಳನ್ನು ತಿಂದು ಬೇಸಾಯಗಾರನಿಗೆ ಉಪಕಾರ ಮಾಡುವ ಪ್ರಾಣಿ. ಭಾರತ ಸರ್ಕಾರವು ಕಪ್ಪೆಕಾಲುಗಳ ರಫ್ತನ್ನು 1987ರಲ್ಲಿ ನಿಷೇಧಿಸಿತು. ಆದಕಾರಣ ರಬ್ಬರಿನ ಹುಸಿಗಪ್ಪೆಯನ್ನೇ ಉಪಯೋಗಿಸತಕ್ಕದ್ದು. ಅದರ ಮೈ ಟೊಳ್ಳಾದುದರಿಂದ ನೀರಿನ ಮೇಲೆ ತೇಲುವುದು. ಜೋಡಿಗಾಳದ ಮೊನೆಗಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳುವುದು ಅಪರೂಪ. ಮೀನು ಕಚ್ಚಿದಾಗ ಮೈ ಕುಗ್ಗಿ ಮೊನೆಗಳು ಹೊರಬೀಳುವುವು. ಕೋಲೂ ದಾರವೂ ಬಲವಾಗಿರಬೇಕು.

ಕ್ರಮ: ನೆರಳು ನೀರಿನ ಮೇಲೆ ಬೀಳದಂತೆ ನಿಂತು, ಹುಸಿಗಪ್ಪೆಯನ್ನು ಜೊಂಡಿನ ಆಚೆಗೆ ಎಸೆಯಬೇಕು. ಬಳಿಕ ಕಪ್ಪೆ ಈಜುವಂತೆ ಮೆಲ್ಲಮೆಲ್ಲನೆ ಎಳೆಯುತ್ತ, ಎಲೆಗಳ ನಡುವೆ ತೆರವಾದ ನೀರು ಬಂದಲ್ಲಿ ಕ್ಷಣಕಾಲ ನಿಲ್ಲಿಸಬೇಕು. ಮೀನು ಎರಗುವುದು ಸಾಮಾನ್ಯವಾಗಿ ಇಂತಹ ತೆರವಿನಲ್ಲಿಯೇ. ನೀರು ಚಿಮ್ಮಿದೊಡನೆ ಜಗ್ಗಿದರೆ ಮೀನು ತಪ್ಪಿಹೋಗುವುದು. ದಾರದಲ್ಲಿ ಮೀನಿನ ಭಾರ ತಿಳಿದ ಮೇಲೆ ಬಲವಾಗಿ ಜಗ್ಗಿ, ಅದು ಜೊಂಡಿನೊಳಗೆ ನುಗ್ಗುವುದಕ್ಕೆ ಅವಕಾಶ ಕೊಡದೆ ದಡಕ್ಕೆ ಎಳೆಯಬೇಕು.

ಎಚ್ಚರಿಕೆ: ಮುಂಗಾರು ಮಳೆ ಬಿದ್ದ ಮೇಲೆ ಈ ಕ್ರಮವನ್ನು ನಿಲ್ಲಿಸತಕ್ಕದ್ದು. ಮಳೆಗಾಲದಲ್ಲಿ ಕೊರವ ಮೀನು ಜೊಂಡಿನ ನಡುವೆ ತೆರವು ಮಾಡಿಕೊಂಡು ತೇಲುವ ಮೊಟ್ಟೆಗಳನ್ನಿಡುವುದು. ತಂದೆತಾಯಿಗಳು ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವುವು. ಕೆಂಬಣ್ಣದ ಮರಿಗಳು ಗುಂಪುಗೂಡಿ ನೀರಿನ ಮೇಲೆ ಗುಳುಗುಳಿಸುವುದನ್ನು ದಡದಿಂದಲೇ ಕಾಣಬಹುದು. ಆ ಗುಂಪಿನ ಮೇಲೆ ಹುಸಿಗಪ್ಪೆಯನ್ನು ಎಳೆದರೆ ಕಾವಲಿನ ಮೀನು ಕೂಡಲೇ ಎರಗುವುದು. ಅದು ಹಸಿವಿನಿಂದಲ್ಲ, ಮರಿಗಳ ರಕ್ಷಣೆಗಾಗಿ. ಸುಲಭವಾಗಿ ಸಿಕ್ಕಿತೆಂದು ಅದನ್ನು ಹಿಡಿದವನು ಒಂದು ಹೊತ್ತಿನ ಊಟಕ್ಕಾಗಿ ಬರುವ ವರ್ಷಗಳ ಬೆಳೆಯನ್ನು ಕಳೆದುಕೊಂಡಂತಾಯಿತು. ಕಾವಲಿಲ್ಲದ ಮರಿಗಳು ಇತರ ಮೀನುಗಳ ಬಾಯಿಗೆ ಬೀಳುವುವು.

ಕಾಟ್ಲಾ, ರೋಹು ಮರಿಗಳನ್ನು ಸಾಕುವ ಕುಂಟೆಯಲ್ಲಿ ಮಾತ್ರ ಕೊರವ ಮೀನು ಇರಕೂಡದು. ಅದು ಆ ಮರಿಗಳನ್ನು ತಿಂದುಬಿಡುವುದು.

ಊರಿನ ಮುಖಂಡರು ಮುಂಗಾರಿಗೆ ಮೊದಲೇ ಡಂಗುರ ಹೊಡೆಯಿಸಿ, ಮರಿಗಳನ್ನು ಕಾಯುವ ಮೀನನ್ನು ಯಾರೂ ಹಿಡಿಯಕೂಡದೆಂದು ತಿಳಿಯಪಡಿಸಬೇಕು. ಬೀಜದ ಕಾಳನ್ನು ತಿನ್ನದೆ ಉಳಿಸುವ ಬೇಸಾಯಗಾರನಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.