ರೋಗದ ಹೆಸರು ತಿಳಿದ ಬಳಿಕ

ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದ ಬಳಿಕ ವೈದ್ಯರು ಏನು ಹೇಳಿದರೆಂಬುದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ವರದಿಯ ಲಕೋಟೆ ಹಿಡಿದು ಆಸ್ಪತ್ರೆಯ ಮೆಟ್ಟಿಲಿಳಿದದ್ದು, ಬಸ್ಸು ಹತ್ತಿದ್ದು ಮಾತ್ರ ನೆನಪಿರುತ್ತದೆ. ಪ್ರಿಯ ಓದುಗರೇ, ತಮಗೋ ತಮ್ಮ ಮನೆಯವರಿಗೋ ಅಂತಹ ದಿನ ಬಂದಿದ್ದರೆ ಈ ಲೇಖನ ತಮಗಾಗಿ. ವರದಿ ಬಂದ ದಿನಕ್ಕೂ ಚಿಕಿತ್ಸೆ ಆರಂಭವಾಗುವ ದಿನಕ್ಕೂ ನಡುವಿನ ಕೆಲವು ವಾರಗಳ ಬಗ್ಗೆ ಮಾತ್ರ ಇಲ್ಲಿ ಹೇಳಬಯಸುತ್ತೇನೆ. ಹಲವು ತಪ್ಪು ತೀರ್ಮಾನಗಳು ನಡೆಯುವುದು ಈ ವಾರಗಳಲ್ಲೇ.

ಮೊದಲನೆಯದು ಅಳು. ರೋಗಿ ಕಣ್ಣೀರಿಟ್ಟರೆ, "ಅಳಬೇಡಿ, ಸಬ್ರ್ ಮಾಡಿ, ಈಮಾನ್ ಇಲ್ಲವೇ?" ಎನ್ನುವವರು ನಮ್ಮಲ್ಲಿ ಧಾರಾಳ. ಇದು ಸಬ್ರ್‌ನ ಅರ್ಥವನ್ನೇ ಕುಗ್ಗಿಸಿದಂತೆ. ಪ್ರವಾದಿ ಯಅ್‌ಕೂಬ್(ಅ)ರು ಮಗನ ಅಗಲಿಕೆಯ ದುಃಖದಲ್ಲಿ ಅತ್ತತ್ತು ಕಣ್ಣು ಬೆಳ್ಳಗಾಗಿಸಿಕೊಂಡವರೆಂದು ಕುರ್‌ಆನ್ ತಿಳಿಸುತ್ತದೆ. ಸುಂದರವಾದ ಸಹನೆಯ ಮಾತನ್ನಾಡಿದವರೂ ಅವರೇ. ಅವರು ತಮ್ಮ ನೋವನ್ನು ಅಲ್ಲಾಹನ ಮುಂದೆ ತೋಡಿಕೊಂಡರು, ಜೊತೆಗೆ ಯೂಸುಫ್(ಅ)ರನ್ನು ಹುಡುಕಲು ಮಕ್ಕಳನ್ನು ಕಳುಹಿಸಿದರು. ಕಣ್ಣೀರು, ದುಆ, ಹುಡುಕಾಟ ಮೂರೂ ಒಟ್ಟಿಗಿದ್ದವು. ಆದ್ದರಿಂದ ಮೊದಲ ಎರಡು ದಿನ ಅಳಲು ಬಿಡಿ.

ಎರಡನೆಯದು "ನಾನೇನು ಪಾಪ ಮಾಡಿದ್ದೆ?" ಎಂಬ ಪ್ರಶ್ನೆ. ರೋಗಿ ಬಾಯಿಬಿಟ್ಟು ಕೇಳದಿದ್ದರೂ ಒಳಗೆ ಅದು ಕೊರೆಯುತ್ತಿರುತ್ತದೆ. ಪ್ರವಾದಿವರ್ಯರಿಗೆ(ಸ) ಇಬ್ಬರಿಗೆ ಬರುವಷ್ಟು ಕಾವಿನ ಜ್ವರ ಬರುತ್ತಿತ್ತೆಂದು ಇಬ್ನು ಮಸ್‌ಊದ್(ರ)ರ ವರದಿಯಿದೆ. ಅಯ್ಯೂಬ್(ಅ)ರು ಅನುಭವಿಸಿದ ಸಂಕಟ ಯಾರಿಗೆ ತಿಳಿಯದು? ರೋಗ ಬಂದವನು ಅಲ್ಲಾಹನ ಕೋಪಕ್ಕೆ ಗುರಿಯಾದವನೆಂದು ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ. ತಂಬಾಕು ಜಗಿದು ಬಾಯಿಯ ಕ್ಯಾನ್ಸರ್ ಬಂದವನ ಹಾಸಿಗೆಯ ಪಕ್ಕ ಕುಳಿತು ತಂಬಾಕಿನ ಕೆಡುಕಿನ ಉಪದೇಶ ಮಾಡುವುದೂ ಸಲ್ಲದು. ಆ ಉಪದೇಶವನ್ನು ಹೊರಗೆ ನಿಂತಿರುವ ಅವನ ಮಕ್ಕಳಿಗೆ ಮಾಡಿ, ಪ್ರಯೋಜನವಿದೆ.

ಭಾಷೆಯ ವಿದ್ಯಾರ್ಥಿಯಾಗಿ ಒಂದು ಮಾತು. ಅರಬಿಯಲ್ಲಿ ಈ ರೋಗಕ್ಕೆ ಸರತಾನ್ ಎನ್ನುತ್ತಾರೆ, ಅಂದರೆ ಏಡಿ. ಲ್ಯಾಟಿನಿನ ಕ್ಯಾನ್ಸರ್ ಪದಕ್ಕೂ ಅದೇ ಅರ್ಥ. ಗಡ್ಡೆಯ ಸುತ್ತ ಹಬ್ಬಿದ ನರಗಳು ಹಿಂದಿನವರಿಗೆ ಏಡಿಯ ಕಾಲುಗಳಂತೆ ಕಂಡಿದ್ದವಂತೆ. ಸುಮಾರು 1,000 ವರ್ಷಗಳ ಹಿಂದೆ ಸ್ಪೇನ್‌ನ ಕುರ್ತುಬಾದಲ್ಲಿದ್ದ ಶಸ್ತ್ರವೈದ್ಯ ಅಝ್ಝಹ್ರಾವಿ, ಗಡ್ಡೆ ಚಿಕ್ಕದಾಗಿರುವಾಗಲೇ ಪೂರ್ತಿಯಾಗಿ ಕತ್ತರಿಸಿ ತೆಗೆಯಬೇಕು, ಹಳತಾಗಿ ಬೆಳೆದ ಮೇಲೆ ತನ್ನಿಂದ ಗುಣಪಡಿಸಲಾಗಿಲ್ಲ ಎಂದು ಬರೆದಿಟ್ಟರು. ಇಂದು ಶಸ್ತ್ರಚಿಕಿತ್ಸೆಯ ಜೊತೆ ಕೀಮೋಥೆರಪಿ, ವಿಕಿರಣ ಚಿಕಿತ್ಸೆಗಳಿವೆ, ಬೆಳೆದ ಗಡ್ಡೆಗೂ ಮಾಡಬಹುದಾದದ್ದು ಬಹಳಷ್ಟಿದೆ. ಆದರೂ ಬೇಗ ಹೋದವನಿಗೆ ಗುಣವಾಗುವ ಸಾಧ್ಯತೆ ಹೆಚ್ಚೆಂಬುದು ಬದಲಾಗಿಲ್ಲ.

ನಮ್ಮಲ್ಲಿ ತಡವಾಗುವುದೇಕೆ? ಹೆಂಗಸರ ವಿಷಯದಲ್ಲಿ ನಾಚಿಕೆ. ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಎದೆಯಲ್ಲಿದ್ದ ಗಂಟನ್ನು ಒಂಬತ್ತು ತಿಂಗಳು ಯಾರಿಗೂ ಹೇಳಿರಲಿಲ್ಲ. ಕೊನೆಗೆ ನಾದಿನಿಗೆ ಹೇಳಿದರು, ಆಕೆ ಕೊಟ್ಟ ಸಲಹೆ, "ಮಗಳ ಮದುವೆ ಆಗಲಿ, ಆಮೇಲೆ ನೋಡುವ." ಚಿಕಿತ್ಸೆಗೆ ಅಗತ್ಯವಿರುವಾಗ ಔರತ್ ತೋರಿಸಲು ಶರೀಅತ್ ಅನುಮತಿಸುತ್ತದೆ, ಮಹಿಳಾ ವೈದ್ಯರು ಸಿಗದಿದ್ದರೆ ಪುರುಷ ವೈದ್ಯರಾದರೂ ಸರಿ. ಇದನ್ನು ಜುಮುಅದ ಭಾಷಣದಲ್ಲಿ ಹೇಳಲು ಖತೀಬರು ಸಂಕೋಚಪಡಬಾರದು. ಮದುವೆಯ ಮಾತುಕತೆ ಮುರಿದೀತೆಂದು ರೋಗ ಮುಚ್ಚಿಡುವವರಿಗೆ ಒಂದು ವಿಷಯ ತಿಳಿದಿರಲಿ: ಕ್ಯಾನ್ಸರ್ ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಅಂಟುವ ರೋಗವಲ್ಲ.

ಇನ್ನು, "ಸೂಜಿ ಹಾಕಿದರೆ, ಚಾಕು ತಾಗಿಸಿದರೆ ಹರಡುತ್ತದೆ" ಎಂಬ ಭಯ. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯದು, ಬಗೆ ತಿಳಿಯದೆ ಔಷಧಿ ನಿರ್ಧರಿಸಲಾಗದು. ಝಂಝಂ ಕುಡಿಯಿರಿ, ಫಾತಿಹಾ ಓದಿ ಊದಿಸಿಕೊಳ್ಳಿ, ಯಾರೂ ತಡೆಯಲಾರರು. ಆದರೆ "ಆಸ್ಪತ್ರೆ ಬಿಡಿ, ನಾನು ಕರಗಿಸಿ ಕೊಡುತ್ತೇನೆ" ಎನ್ನುವವನ ಬಾಗಿಲಲ್ಲಿ ಮೂರು ತಿಂಗಳು ಕಾಯುವುದು ತವಕ್ಕುಲ್ ಅಲ್ಲ. ಚಿಕಿತ್ಸೆ ಮಾಡಿಸಿರೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ಉಸಾಮಾ ಬಿನ್ ಶರೀಕ್(ರ) ವರದಿ ಮಾಡಿದ್ದಾರೆ.

ವೈದ್ಯರ ಬಳಿ ಒಬ್ಬರೇ ಹೋಗಬೇಡಿ. ಬರೆದುಕೊಳ್ಳಬಲ್ಲ ಒಬ್ಬರು ಜೊತೆಗಿರಲಿ. ರೋಗ ಯಾವ ಅಂಗದ್ದು, ಎಷ್ಟನೇ ಹಂತ, ಪೂರ್ತಿ ಗುಣಪಡಿಸಲು ಚಿಕಿತ್ಸೆಯೋ ಬಾಧೆ ಕಡಿಮೆ ಮಾಡಲೋ, ಎಷ್ಟು ಕಾಲ, ಎಷ್ಟು ಖರ್ಚು ಎಂದು ಕೇಳಿ. ಇನ್ನೊಬ್ಬ ತಜ್ಞರಿಗೆ ವರದಿ ತೋರಿಸುವುದು ಅವಮರ್ಯಾದೆಯಲ್ಲ. ಕೆಲವು ರಕ್ತದ ಕ್ಯಾನ್ಸರ್‌ಗಳಂತಹ ತುರ್ತು ಸಂದರ್ಭ ಬಿಟ್ಟರೆ ಅದಕ್ಕೆ ಕೆಲವು ದಿನಗಳ ಸಮಯ ಇರುತ್ತದೆ. ಕೀಮೋ ಆರಂಭವಾದ ಮೇಲೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣಗಳು ಕಡಿಮೆಯಾಗಿರುವ ಆ ದಿನಗಳಲ್ಲಿ ಸೋಂಕು ಬೇಗ ಏರುತ್ತದೆ.

ಹಣದ ಚಿಂತೆ ರೋಗದಷ್ಟೇ ಭಾರ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಲ್ಲಿ ಬಡವರಿಗೆ ಚಿಕಿತ್ಸೆಯ ವ್ಯವಸ್ಥೆಯಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಮನೆ ಅಡವಿಡುವ ಮೊದಲು ಪಡಿತರ ಚೀಟಿ, ಆಧಾರ್ ಹಿಡಿದು ಆಸ್ಪತ್ರೆಯ ಆ ಕೌಂಟರಿನಲ್ಲಿ ವಿಚಾರಿಸಿ. ಬಡ ರೋಗಿ ಝಕಾತ್‌ಗೆ ಅರ್ಹನು, ಚಿಕಿತ್ಸೆಗಾಗಿ ಸಾಲಗಾರನಾಗಿ ತೀರಿಸಲಾಗದವನೂ ಅರ್ಹನು. ಜಮಾಅತಿನವರು ಅವನು ಬಂದು ಕೈಯೊಡ್ಡುವ ತನಕ ಕಾಯಬೇಕೇ?

ರೋಗಿಗೆ ಹೇಳಬೇಕೋ ಬೇಡವೋ? ಗಂಡುಮಕ್ಕಳು ವೈದ್ಯರನ್ನು ಬದಿಗೆ ಕರೆದು "ಬಾಪಾಗೆ ಹೇಳಬೇಡಿ" ಎನ್ನುವುದು ಸಾಮಾನ್ಯ. ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ. ಆದರೆ ಕೂದಲು ಉದುರುವಾಗ, ಆ ವಾರ್ಡಿನಲ್ಲಿ ಮಲಗಿರುವಾಗ ಬಾಪಾಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾದ ಮೇಲೆ ಅವರೂ ಮಕ್ಕಳ ಮುಂದೆ ಗೊತ್ತಿಲ್ಲದಂತೆ ನಟಿಸಬೇಕಾಗುತ್ತದೆ. ಕೇಳಿದಷ್ಟನ್ನು, ತಡೆದುಕೊಳ್ಳುವಷ್ಟನ್ನು, ಸುಳ್ಳಿಲ್ಲದೆ ಹೇಳುವುದು ಲೇಸೆಂದು ನನ್ನ ಅಭಿಪ್ರಾಯ. ಅವರಿಗೆ ತೀರಿಸಬೇಕಾದ ಸಾಲವಿರಬಹುದು, ಕ್ಷಮೆ ಕೇಳಬೇಕಾದ ತಮ್ಮನಿರಬಹುದು.

ಆರಾಧನೆಯ ಬಗ್ಗೆ ಸಂಕ್ಷಿಪ್ತವಾಗಿ: ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಬಹುದು. ನೀರು ಹಾನಿಕರವಾದರೆ ತಯಮ್ಮುಮ್ ಇದೆ. ವೈದ್ಯರು ಬೇಡವೆಂದರೆ ರಮಝಾನಿನ ಉಪವಾಸ ಬಿಡಲು ಅನುಮತಿಯಿದೆ. ವಾಂತಿ ಮಾಡಿಕೊಳ್ಳುತ್ತಾ ಉಪವಾಸ ಹಿಡಿದು ಮನೆಯವರನ್ನು ಹೆದರಿಸಬೇಡಿ.

ಕೊನೆಯದಾಗಿ ವಸಿಯ್ಯತ್. ಅದರ ಮಾತೆತ್ತಿದರೆ ಸಾವನ್ನೇ ಕರೆದಂತಾಯಿತೆಂದು ಮನೆಯವರು ಬಾಯಿ ಮುಚ್ಚಿಸುತ್ತಾರೆ. ವಿದಾಯ ಹಜ್ಜ್‌ನ ವರ್ಷ ಸಅದ್ ಬಿನ್ ಅಬೀ ವಕ್ಕಾಸ್(ರ)ರು ಮಕ್ಕಾದಲ್ಲಿ ಕಾಯಿಲೆ ಬಿದ್ದು, ಇನ್ನು ಉಳಿಯಲಾರೆನೆಂದು ತಿಳಿದು ಆಸ್ತಿಯ ಬಗ್ಗೆ ಪ್ರವಾದಿವರ್ಯರಲ್ಲಿ(ಸ) ವಿಚಾರಿಸಿದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಸಿಯ್ಯತ್ ಬೇಡವೆಂಬ ವಿಧಿ ನಮಗೆ ಸಿಕ್ಕಿದ್ದು ಆ ರೋಗಶಯ್ಯೆಯ ಬಳಿಯಲ್ಲೇ. ಸಅದ್(ರ) ಗುಣಮುಖರಾದರು. ಮುಂದೆ ಕಾದಿಸಿಯ್ಯಾದಲ್ಲಿ ಸೇನೆಯ ನಾಯಕರಾದರು, ಆ ಬಳಿಕವೂ ದಶಕಗಳ ಕಾಲ ಬದುಕಿದ್ದರು.