ಮೊದಲು ಡೈನಾಮಿಕ್ ಮೈಕ್ ಕೊಳ್ಳಿ

ಪ್ರಶ್ನೆ: ಊರು ಸಂತೇಬೆನ್ನೂರು. ಮನೆಯಲ್ಲೇ ಗಿಟಾರ್ ನುಡಿಸಿ, ಭಾವಗೀತೆ ಹಾಡಿ ರೆಕಾರ್ಡ್ ಮಾಡುವಾಸೆ. ಪಕ್ಕದಲ್ಲಿ ಅಡಿಕೆ ಸುಲಿಯುವ ಯಂತ್ರವಿದೆ. ಯಾವ ಮೈಕ್ ಕೊಳ್ಳಲಿ?

ಉತ್ತರ: ನಿಮ್ಮ ಮನೆಗೆ ಡೈನಾಮಿಕ್ ಮೈಕೇ ಸರಿ. ಕಂಡೆನ್ಸರ್ ಮೈಕ್ ಗಿಟಾರ್ ತಂತಿಯ ನಾದವನ್ನು ಸೊಗಸಾಗಿ ಹಿಡಿಯುತ್ತದೆ, ನಿಜ. ಆದರೆ ಫ್ಯಾನು, ಯಂತ್ರ, ಬರಿಗೋಡೆಯ ಮರುದನಿಯನ್ನೂ ಬಿಡುವುದಿಲ್ಲ. ಶೂರ್ ಎಸ್‌ಎಂ58 ಥರದ್ದನ್ನು ಕೊಂಡು, ಬಾಯಿಂದ ನಾಲ್ಕು ಬೆರಳು ದೂರವಿಟ್ಟು ಹಾಡಿ. ಮೈಕಿನ ಬೆನ್ನು ಯಂತ್ರದ ಕಡೆಗಿರಲಿ. ನಿಮ್ಮ ಬೆನ್ನ ಹಿಂದಿನ ಗೋಡೆಗೆ ದಪ್ಪ ಕೌದಿ ತೂಗುಹಾಕಿ.

ಗಿಟಾರಿಗೂ ಅದೇ ಮೈಕ್ ಸಾಕು. 12ನೇ ಫ್ರೆಟ್‌ನತ್ತ ಮುಖ ಮಾಡಿ, ಗೇಣಿಗಿಂತ ತುಸು ಹತ್ತಿರವಿಡಿ. ಗಿಟಾರಿನ ತೂತಿನ ಎದುರಿಗೇ ಇಟ್ಟರೆ ಬರೀ ಗುಂಯ್‌ಗುಡುತ್ತದೆ. ಮೊದಲು ಗಿಟಾರ್ ರೆಕಾರ್ಡ್ ಮಾಡಿ. ಹೆಡ್‌ಫೋನ್‌ನಲ್ಲಿ ಅದನ್ನು ಕೇಳುತ್ತಾ ಆಮೇಲೆ ಹಾಡಿ.

ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಮಾತ್ರ ಈಗಲೇ ಎರಡು ಮೈಕ್ ಇನ್‌ಪುಟ್, 48 ವೋಲ್ಟ್ ಫ್ಯಾಂಟಮ್ ಪವರ್ ಇರುವುದನ್ನೇ ತನ್ನಿ. ಮುಂದೆ ಕೈಯಲ್ಲಿ ಹಣವಾದಾಗ ಗಿಟಾರಿಗೆಂದು ಆ ಪವರ್ ಬೇಡುವ ಸಣ್ಣ ಡಯಾಫ್ರಂ ಕಂಡೆನ್ಸರ್ ಸೇರಿಸಬಹುದು. ಯಂತ್ರ ನಿಂತ ರಾತ್ರಿಗಳಲ್ಲಿ ಅದರ ನಿಜವಾದ ಸೊಗಸು ಕೇಳಿಸುತ್ತದೆ.

ಕಂಪ್ಯೂಟರಿಗೆ ಚಾರ್ಜರ್ ಹಾಕಿದಾಗಲೆಲ್ಲ ಜುಂಯ್ ಎಂದರೆ, ಇಲ್ಲವೇ ಮೈಕ್ ಮುಟ್ಟಿದಾಗ ಸಣ್ಣಗೆ ಶಾಕ್ ಹೊಡೆದರೆ ರೆಕಾರ್ಡಿಂಗ್ ನಿಲ್ಲಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ.